ಊಟ ವಿಚಾರಿಸುವ ಪಂಪು ಕಂಪನಿ

ಬಹಳ ವರ್ಷ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿದ್ದವನಿಗೆ ಒಂದು ಚಟ ಅಂಟುತ್ತದೆ. ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಲು ಬಾಯಿ ಬರುವುದಿಲ್ಲ. ಮರಾಠಿ ನಾಡಿನ ಭೋಸರಿಯ ನಮ್ಮ ಪಂಪು ಕಾರ್ಖಾನೆಯ ಗೋಡೆ ಕುಸಿದಾಗ 'ವಿಸ್ತರಣಾ ಕಾರ್ಯ ಆರಂಭ' ಎಂದು ಪತ್ರಿಕೆಗಳಿಗೆ ಬರೆದುಕೊಟ್ಟವನು ನಾನು. ಆಗ ಕೆಲಸ ಸುಲಭವಿತ್ತು. ಟೈಪು ಮಾಡಿದ ಹಾಳೆ ಹಿಡಿದು ಸ್ಕೂಟರಿನಲ್ಲಿ ಪತ್ರಿಕಾ ಕಚೇರಿಗಳನ್ನು ಸುತ್ತಿ, ಉಪಸಂಪಾದಕರ ಜೊತೆ ಚಹಾ ಕುಡಿದು, ಅವರ ಮೊಣಕಾಲು ನೋವು ವಿಚಾರಿಸಿದರೆ ಮರುದಿನ ಸುದ್ದಿ ಬರುತ್ತಿತ್ತು. ಪಂಪು ಕೆಟ್ಟು ನಮ್ಮನ್ನು ಬೈಯಬೇಕೆಂದವನೂ ಬಸ್ಸು ಹತ್ತಿಯೇ ಬರಬೇಕು. ಬರುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು.

ಆಮೇಲೆ ಇ-ಮೇಲ್ ಬಂತು. ಸಿಟ್ಟು ಬಿಸಿಬಿಸಿಯಾಗಿಯೇ ಬಂದು ಬೀಳತೊಡಗಿತು. ಉತ್ತರದ ಕೆಳಗೆ ಹೆಂಗಸಿನ ಹೆಸರಿದ್ದರೆ ಜನ ಮೆತ್ತಗಾಗುತ್ತಾರೆಂದು ಸಾಹೇಬರು ಒಂದು ಹೆಸರು ಕೇಳಿದರು. ನನಗೆ ತಟ್ಟನೆ ಹೊಳೆದದ್ದು ಹೆಂಡತಿಯದು. ಬೇರೆ ಹೊಳೆದಿದ್ದರೆ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತು, ಆ ಮಾತು ಬೇರೆ. ಹೀಗೆ, ಪಂಪು ಎಂದರೆ ಸ್ಟೋವಿಗೆ ಹೊಡೆಯುವುದಷ್ಟೇ ಗೊತ್ತಿದ್ದ ಧಾರವಾಡದ ಸುಮತಿ ನಮ್ಮ ಗ್ರಾಹಕ ಸೇವಾ ಅಧಿಕಾರಿಯಾದಳು.

ಒಮ್ಮೆ ಬಾರಾಮತಿಯ ಕಬ್ಬು ಬೆಳೆಗಾರರೊಬ್ಬರು, ಜಗತಾಪಕಾಕಾ ಎಂದು, ಸೈಬರ್ ಕೆಫೆಯಲ್ಲಿ ಕೂತು ನಮ್ಮ ವಂಶವನ್ನೇ ಜಾಲಾಡಿ ಬರೆಸಿದ್ದರು. ಏನು ಉತ್ತರಿಸುವುದೋ ತಿಳಿಯದೆ ಅದರ ಅಚ್ಚು ತೆಗೆದು ಮನೆಗೆ ಒಯ್ದೆ. ಸುಮತಿ ಓದಿಸಿಕೊಂಡು, "ಆ ಮನಷ್ಯಾಗ ಹೊಟ್ಟಿ ಹಸದದ. ಮೊದಲ ಊಟ ಆತೇನು ಅಂತ ಕೇಳ್ರಿ. ಪಂಪಿನ ಮಾತು ಆಮ್ಯಾಲ," ಎಂದಳು. ಅವಳ ತವರಿನಲ್ಲಿ ಜಗಳಕ್ಕೆ ಬಂದವರನ್ನೂ ಹಾಗೆ ಕೇಳಿಯೇ ಒಳಗೆ ಕರೆಯುತ್ತಿದ್ದರು. ನಾನು ಮರಾಠಿಯಲ್ಲಿ ಹಾಗೆಯೇ ಕೇಳಿದೆ. ಬಂದ ಮಾರುತ್ತರದಲ್ಲಿ ಪಂಪಿನ ಸುದ್ದಿಯೇ ಇರಲಿಲ್ಲ. ಭಾಕರಿ, ಬದನೆಕಾಯಿ, ಸೊಸೆಯ ಉಪ್ಪಿನ ಕೈ, ಇಷ್ಟೇ. ಅಂದಿನಿಂದ ಕಂಪನಿಯ ಪ್ರತಿ ಉತ್ತರವೂ ಊಟದಿಂದ ಶುರುವಾಯಿತು. ಜನ ಸುಮತಿಬಾಯಿಗೆ ಮದುವೆಯ ಕರೆಯೋಲೆ ಕಳಿಸಿದರು, ಉಪ್ಪಿನಕಾಯಿಗೆ ಬೂಸ್ಟು ಬಂದರೆ ಏನು ಮಾಡಬೇಕೆಂದು ಕೇಳಿದರು, ಅಳಿಯಂದಿರ ಮೇಲೆ ದೂರು ಕೊಟ್ಟರು. ಬೆಂಗಳೂರಿನಿಂದ ಬಂದು ಕಂಪ್ಯೂಟರ್ ವಿಭಾಗ ಸೇರಿದ್ದ ಪ್ರಶಾಂತ, ಉತ್ತರ ತಾನಾಗಿಯೇ ಹೋಗುವಂತೆ ಮಾಡಿಟ್ಟ. ಮೇಲ್ ಬಂದ ಕ್ಷಣವೇ, ಊಟ ಆಯಿತೇ, ನಮ್ಮ ಮನುಷ್ಯನನ್ನು ಇಂದೇ ಕಳಿಸುತ್ತೇವೆ ಎಂದು ಸುಮತಿಯ ಹೆಸರಿನಲ್ಲಿ ಹೋಗಿಬಿಡುತ್ತಿತ್ತು. ಒಬ್ಬ ವಕೀಲರ ನೋಟಿಸಿಗೂ ಹೋಯಿತು. 'ಆಯಿತು, ತಮ್ಮದು?' ಎಂದು ವಕೀಲರು ಬರೆದರು.

ಹೋದ ಚಳಿಗಾಲದಲ್ಲಿ ಸುಮತಿ ತೀರಿಕೊಂಡಳು. ಕಾರ್ಯಗಳನ್ನು ಮುಗಿಸಿ ಕೆಲಸಕ್ಕೆ ಮರಳಿದಾಗ ಅವಳು ಎಂದಿನಂತೆ ಎಲ್ಲರ ಊಟ ವಿಚಾರಿಸುತ್ತಿದ್ದಳು. ನನ್ನ ಸಹೋದ್ಯೋಗಿಯೊಬ್ಬ ಕಂಪನಿಯ ವಿಳಾಸಕ್ಕೆ ಕಳಿಸಿದ ಸಂತಾಪಕ್ಕೂ, ನಮ್ಮ ಮನುಷ್ಯನನ್ನು ಇಂದೇ ಕಳಿಸುತ್ತೇವೆ ಎಂದು ಉತ್ತರ ಹೋಗಿತ್ತು. ಪಾಪ, ಅವನು ಮನೆಯಲ್ಲೇ ಕಾದಿದ್ದನಂತೆ.

ಪ್ರಶಾಂತ ಕುರ್ಚಿಯ ಬಳಿ ಬಂದು ನಿಂತ. "ಸಾರ್, ನೀವು ಹೂಂ ಅಂದ್ರೆ ಹೆಸ್ರು ತೆಗೆದುಬಿಡ್ತೀನಿ. ಒಂದ್ ನಿಮಿಷದ ಕೆಲ್ಸ." ಸಾಹೇಬರು, ನಿರ್ಧಾರ ನಿಮ್ಮದೇ, ತೆಗೆಯುವುದಾದರೆ ಗ್ರಾಹಕರಿಗೆ ಒಂದೆರಡು ಸಾಲು ಬರೆದುಕೊಡಿ ಎಂದರು. ಕುಸಿದ ಗೋಡೆಯ ಬಗ್ಗೆ ಪುಟ ತುಂಬಿಸಿದವನಿಗೆ ಆ ಒಂದೆರಡು ಸಾಲು ಬರಲಿಲ್ಲ. ಬರೆಯದಿದ್ದರೆ ಅವಳು ಹೀಗೆಯೇ ಸುಳ್ಳುಸುಳ್ಳೇ ಬದುಕಿರುತ್ತಾಳೆ. ಬರೆದರೆ ಇಲ್ಲಿಂದಲೂ ಹೋಗುತ್ತಾಳೆ. 'ಸುಮತಿಬಾಯಿಯವರು ಬೇರೆ ಹೊಣೆ ವಹಿಸಿಕೊಂಡಿದ್ದಾರೆ' ಎಂದು ಬರೆದು ಹರಿದುಹಾಕಿದೆ.

ಅಷ್ಟರಲ್ಲಿ ಜಗತಾಪಕಾಕಾ ಬೆಲ್ಲದ ಗಂಟು ಹೊತ್ತು ನೇರ ಕಚೇರಿಗೇ ಬಂದರು. ಸುಮತಿಬಾಯಿಯನ್ನು ನೋಡಬೇಕು ಎಂದರು. ರಜೆಯಲ್ಲಿದ್ದಾರೆ ಎಂದೆ, ಚಟದಂತೆ. ಒಳ್ಳೆಯದಾಯಿತು, ಆಕೆ ಎಲ್ಲರ ಊಟ ಕೇಳುತ್ತಾಳೆ, ಆಕೆಯದನ್ನು ಯಾರು ಕೇಳುತ್ತಾರೋ ಎಂದೇ ಬಂದೆ ಎಂದರು. ಆಗ ಮಾತು ನನ್ನನ್ನು ಕೇಳದೆಯೇ ಹೊರಬಂತು. ಆಕೆ ನನ್ನ ಹೆಂಡತಿ ಕಾಕಾ, ತೀರಿಕೊಂಡಳು.

ಅವರು ಗಂಟು ಬಿಚ್ಚಿ ಬೆಲ್ಲದ ಒಂದು ತುಂಡು ಮುರಿದು ನನ್ನ ಕೈಯಲ್ಲಿಟ್ಟರು. "ಜೇವಲಾಸ ಕಾ ರೇ?" ಊಟ ಆಗಿರಲಿಲ್ಲ. ಆಗಿಲ್ಲ ಎಂದೆ.

ಅವರು ಹೋದ ಮೇಲೆ, ಹೆಸರು ಇರಲಿ ಎಂದು ಪ್ರಶಾಂತನಿಗೆ ಹೇಳಿದೆ. ನಂತರ ಕಂಪನಿಯ ವಿಳಾಸಕ್ಕೆ ನಾನೇ ಒಂದು ದೂರು ಕಳಿಸಿದೆ: ಮನೆಯಲ್ಲಿ ಎಲ್ಲ ನಿಂತುಹೋಗಿದೆ. ಉತ್ತರ ಆ ಕ್ಷಣವೇ ಬಂತು. ಊಟ ಆಯಿತೇ? ನಮ್ಮ ಮನುಷ್ಯನನ್ನು ಇಂದೇ ಕಳಿಸುತ್ತೇವೆ. ಕೆಳಗೆ ಸುಮತಿ.

ಕಂಪನಿಯ ಮಾತು ಉಳಿಸುವುದೇ ನನ್ನ ಉದ್ಯೋಗ. ಬೇರೆ ಯಾರೂ ಬಿಡುವಾಗಿರಲಿಲ್ಲವಾದ್ದರಿಂದ ನಾನೇ ಹೊರಟೆ. ದಾರಿಯಲ್ಲಿ ಬದನೆಕಾಯಿ ಕೊಂಡೆ. ಗ್ರಾಹಕ ಮನೆಯಲ್ಲಿರಲಿಲ್ಲ. ಬೀಗ ನಾನೇ ತೆಗೆದು ಒಲೆ ಹಚ್ಚಬೇಕಾಯಿತು.