ಭೂಪದಾಗ ಮನಿ ಇಲ್ಲ

ಬಾಳೇಶ: ಸುತ್ತಿ ಬಳಸಿ ಮಾತಾಡಬ್ಯಾಡ. ಮನಿ ಬಿಡ್ತಿಯೋ ಇಲ್ಲೋ?

ಪ್ರಮಿಳಾ: ಬಿಡಬೇಕ್ರಿ. ಭೂಪಗ ಮನಿ ನಡಿಯೂದ ಇಲ್ಲ.

ದೇಸೂರ ರೈಲ್ವೆ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಬಾಳೇಶ ಡ್ಯೂಟಿ ಮುಗಿಸಿ ಅನಗೋಳದ ಮನೆಗೆ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ. ಒಳಗೆ ಬರುವಾಗ ಹೆಂಡತಿ ಫೋನಿನಲ್ಲಿ ಯಾರಿಗೋ, ‘ಹೂನ್ರಿ, ಮನಿ ಪೂರಾ ಬಿಡ್ತೀನ್ರಿ, ಇನ್ನ ತಪ್ಪೂದಿಲ್ರಿ’ ಎಂದದ್ದು ಅವನ ಕಿವಿಗೆ ಬಿದ್ದಿತ್ತು. ಪ್ರಮಿಳಾಳಿಗೆ ಅದು ಗೊತ್ತಿಲ್ಲ. ಟೇಬಲ್ಲಿನ ಮೇಲೆ ಬಿಟ್ಟಿದ್ದ ತನ್ನ ನೋಟಬುಕ್ಕನ್ನು ಗಂಡ ನೋಡಿಬಿಟ್ಟ, ಅದರ ಬಗ್ಗೆಯೇ ಕೇಳುತ್ತಿದ್ದಾನೆ ಎಂದುಕೊಂಡು, ಚವಳಿಕಾಯಿ ಮುರಿಯುತ್ತ ಉತ್ತರ ಕೊಡುತ್ತಿದ್ದಳು.

ಬಾಳೇಶ: ಭೂಪ? ಯಾರಂವ ಭೂಪ?

ಪ್ರಮಿಳಾ: ಭಾಳ ಶಾಂತ ಸ್ವಭಾವ್ರಿ. ಹೊಸದಾಗಿ ಸುರು ಮಾಡವ್ರಿಗೆ ಭೂಪನ ಚಲೋ ಅಂತ ಗಂಗಾದೇವಿ ಅಕ್ಕಾರು ಹೇಳ್ಯಾರ.

ಬಾಳೇಶ: ಅಕ್ಕಾರಿಗೂ ಗೊತ್ತೈತಿ! ಯಾವಾಗ ಇದೆಲ್ಲಾ?

ಪ್ರಮಿಳಾ: ಸಂಜೀಕ, ದೀಪಾ ಹಚ್ಚಿದ ಮ್ಯಾಲೆ. ಭೂಪನ ಟೈಮ್ ಅದ.

ಬಾಳೇಶ: ನನ್ನ ಸೆಕೆಂಡ್ ಶಿಫ್ಟಿಗೆ ಸರಿಯಾಗಿ!

ಪ್ರಮಿಳಾ: ಹೌದ್ರಿ. ನೀವಿಲ್ಲದಾಗ ಭಾಳ ಚಲೋ ಆಗತೈತಿ. ಟಿ.ವಿ. ಗದ್ದಲ ಇರೂದಿಲ್ಲ.

ಬಾಳೇಶ ಗೋಧಿ ಚೀಲದ ಮೇಲೆ ಕುಸಿದು ಕುಳಿತ.

ಬಾಳೇಶ: ಎಷ್ಟ ದಿವಸ ಆತು?

ಪ್ರಮಿಳಾ: ಎಂಟ ತಿಂಗಳಾತು.

ಬಾಳೇಶ: ಕೋರ್ಟಿನ ಮಟಾ ಹೋಗೇತೇನು?

ಪ್ರಮಿಳಾ: ಇದಕ್ಕ ಕೋರ್ಟ್ ಯಾಕ್ರಿ?

ಬಾಳೇಶ ಟೇಬಲ್ಲಿನ ಮೇಲಿದ್ದ ನೋಟಬುಕ್ ಎಳೆದುಕೊಂಡ. ತೆರೆದ ಪುಟದಲ್ಲೇ ಅವನಿಗೆ ಬೇಕಾದ ಸಾಕ್ಷಿ ಸಿಕ್ಕಿತು.

ಬಾಳೇಶ: ಕೋರ್ಟ್ ಯಾಕಂತಿ? ಇಲ್ಲೇ ಬರದೀಯಲ್ಲ, ವಾದಿ ಅಂತ! ಯಾರ ವಾದಿ?

ಪ್ರಮಿಳಾ: ಗ.

ಬಾಳೇಶ: ಗ ಅಂದ್ರ ಗಂಡ! ಖಟ್ಲೆ ನಾನ ಹಾಕೇನಂತ ಬರದೀಯೇನ? ಪ್ರತಿವಾದಿ ಯಾರು?

ಪ್ರಮಿಳಾ: ಪ್ರತಿವಾದಿ ಇರೂದಿಲ್ರಿ, ಸಂವಾದಿ. ಅದು ಧ.

ಬಾಳೇಶ: ಧ ಅಂದ್ರ ಧಾರವಾಡ! ಸೀದಾ ಹೈಕೋರ್ಟಿಗೇ ಹೋಗೀ!

ಪ್ರಮಿಳಾಳ ಕೈಯಲ್ಲಿದ್ದ ಬುಟ್ಟಿ ಜಾರಿ ಚವಳಿಕಾಯಿ ಚೆಲ್ಲಾಪಿಲ್ಲಿಯಾಯಿತು. ಗಂಡನ ಮುಖ ನೋಡಿದಳು. ಎಲ್ಲ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

ಪ್ರಮಿಳಾ: ಗ ಅಂದ್ರ ಗಾಂಧಾರ್ರಿ! ಸ ರಿ ಗ ಮ ಅಂತಾರಲ್ಲ, ಅದು. ವಾದಿ ಅಂದ್ರ ರಾಗದ ಮುಖ್ಯ ಸ್ವರ, ಸಂವಾದಿ ಅಂದ್ರ ಅದರ ಜೋಡಿ ಸ್ವರ. ಭೂಪ ಅಂದ್ರ ಒಂದ ರಾಗಾ. ಆ ರಾಗದಾಗ ಮ ಅನ್ನೂ ಸ್ವರಾನೂ ಇಲ್ಲ, ನಿ ಅನ್ನೂ ಸ್ವರಾನೂ ಇಲ್ಲ. ಮ. ನಿ. ಎರಡೂ ಬಿಟ್ಟ ಹಾಡಬೇಕು. ನನಗ ಹೋಗಿ ಹೋಗಿ ನಿ ಹತ್ತತಿತ್ತು, ಅದಕ್ಕ ಅಕ್ಕಾರು ಫೋನಿನ್ಯಾಗ ಬೈಯಾಕತ್ತಿದ್ರು.

ಬಾಳೇಶ: ಮ... ನಿ. ಹಂಗಾದ್ರ ಈ ಮನಿ?

ಪ್ರಮಿಳಾ: ಈ ಮನಿ ಬಿಟ್ಟ ಎಲ್ಲಿ ಹೋಗ್ಲಿ? ಬೂಟ್ ಬಿಚ್ಚರಿ ಮೊದಲ.

ಬಾಳೇಶ ಬೂಟು ಬಿಚ್ಚಿದ. ಅವನ ಉಸಿರು ಜಾಗಕ್ಕೆ ಬಂದಮೇಲೆ ಪ್ರಮಿಳಾ ಉಳಿದದ್ದನ್ನೂ ಹೇಳಿದಳು. ಓಣಿಯ ಕೊನೆಯಲ್ಲಿ ಸಂಗೀತ ಕಲಿಸುವ ಗಂಗಾದೇವಿ ಅಕ್ಕಾರ ಹತ್ತಿರ ಎಂಟು ತಿಂಗಳಿಂದ ಹೋಗುತ್ತಿದ್ದಾಳೆ. ಪ್ರಾರಂಭಿಕ ಪರೀಕ್ಷೆಗೆ ಕೂಡಬೇಕು. ಫಾರ್ಮ್ ತುಂಬಲು ಇವತ್ತೇ ಕೊನೆಯ ದಿನ.

ಬಾಳೇಶ: ಪ್ರಾರಂಭಿಕ ಅಂದ್ರ ಸಣ್ಣ ಹುಡುಗರದಲ್ಲೇನ? ನಿನಗ ನಲವತ್ತಾರು! ಲಂಗಾದ ಹುಡುಗ್ಯಾರ ನಡುವ ನೀ... (ಜೋರಾಗಿ ನಕ್ಕ)

ಪ್ರಮಿಳಾ: ಅದಕ್ಕ ಹೇಳಿರಲಿಲ್ಲ, ನಗತೀರಂತ.

ಬಾಳೇಶ: ನಾ ಯಾಕ ನಗಲಿ?

ಪ್ರಮಿಳಾ: ಈಗ ಮಾಡಿದ್ದೇನು, ಕೆಮ್ಮಿದ್ರೇನು?

ಬಾಳೇಶ: ಆತು ತಗೋ. ಆದ್ರ ಖರೇ ಹೇಳು, ಹಾಡೂದಾದ್ರ ಮನ್ಯಾಗ ಹಾಡು. ಪರೀಕ್ಷಾ ಯಾಕ ಬೇಕು?

ಪ್ರಮಿಳಾ: ಖಾನಾಪುರದಾಗ ಇದ್ದಾಗ ಇದ ಪರೀಕ್ಷಾಕ್ಕ ಫಾರ್ಮ್ ತುಂಬಿದ್ದೆ. ಹಾಲ್ ಟಿಕೆಟ್ಟೂ ಬಂದಿತ್ತು. ಮುಂಜಾನಿ ರೈಲಿಗೆ ಬೆಳಗಾವಿಗೆ ಬರಬೇಕು. ಹಿಂದಿನ ದಿವಸ ನಮ್ಮಪ್ಪ, ‘ನಾಳಿ ಎಲ್ಲೂ ಹೋಗಬ್ಯಾಡ, ದೇಸೂರದವರು ಕನ್ಯಾ ನೋಡಾಕ ಬರ್ತಾರ’ ಅಂದ.

ಬಾಳೇಶ: ಯಾವ ದೇಸೂರದವರು?

ಪ್ರಮಿಳಾ: ಎಷ್ಟ ಮಂದಿ ದೇಸೂರದವರನ್ನ ಲಗ್ನಾ ಆಗೇನ್ರಿ ನಾ?

ಬಾಳೇಶ ಬಗ್ಗಿ, ಚೆಲ್ಲಿದ್ದ ಚವಳಿಕಾಯಿಯನ್ನು ಆರಿಸಿ ಬುಟ್ಟಿಗೆ ಹಾಕತೊಡಗಿದ.

ಬಾಳೇಶ: ಆವತ್ತ ನಮ್ಮವ್ವ ಹಾಡಂದಿದ್ಲು. ನೀ ಹಾಡಿದ್ದಿ.

ಪ್ರಮಿಳಾ: ಪರೀಕ್ಷಾಕ್ಕ ಕಲ್ತದ್ದನ್ನ ಹಾಡಿದ್ದೆ. ನೀವು ತಲಿ ಬಗ್ಗಿಸಿ ಅವಲಕ್ಕಿ ತಿನ್ನಾಕತ್ತಿದ್ರಿ.

ಬಾಳೇಶ: ತಿನ್ನಕೋತ ಕೇಳಿದ್ದೆ! ಇಪ್ಪತ್ತೆಂಟ ವರ್ಷ ಒಂದ ಮಾತ ಹೇಳಲಿಲ್ಲಲ್ಲ ನೀ.

ಪ್ರಮಿಳಾ: ಹೇಳಿ ಏನ ಮಾಡೂದು? ಆ ರೈಲು ಹೋಗಿತ್ತು.

ಬಾಳೇಶ ಎದ್ದು ಈಗಷ್ಟೇ ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡ.

ಬಾಳೇಶ: ಸೈಬರ್‌ದಾಂವ ಎಷ್ಟಕ್ಕ ಅಂಗಡಿ ಮುಚ್ಚತಾನ? ನಡಿ, ಫಾರ್ಮ್ ತುಂಬೂಣು.

ಹೊರಡುವ ಮುಂಚೆ ನೋಟಬುಕ್ಕಿನ ಮೇಲೆ ಕಣ್ಣಾಡಿಸಿದ್ದ ಬಾಳೇಶ, ಹಿಂದೆ ಕುಳಿತ ಪ್ರಮಿಳಾಳನ್ನು ದಾರಿಯುದ್ದಕ್ಕೂ ಪರೀಕ್ಷೆ ಮಾಡುತ್ತ ಸ್ಕೂಟರ್ ಓಡಿಸಿದ. ಸಿಗ್ನಲ್ಲಿನಲ್ಲಿ ನಿಂತಾಗ ಬಾಜೂಕ್ಕೆ ಬಂದು ನಿಂತದ್ದು ಪಕ್ಕದ ಮನೆಯ ದುಂಡಪ್ಪ.

ಬಾಳೇಶ: ತೀನತಾಲಕ್ಕ ಎಷ್ಟ ಮಾತ್ರಿ?

ಪ್ರಮಿಳಾ: ಹದಿನಾರು.

ದುಂಡಪ್ಪ: ಅಯ್ಯ, ವೈನಿಗೆ ಏನಾಗೇತ್ರಿ? ದಿವಸಕ್ಕ ಹದಿನಾರ ಮಾತ್ರಿ?

ಬಾಳೇಶ: ಒಂಬತ್ತನೇದಕ್ಕ?

ಪ್ರಮಿಳಾ: ಖಾಲಿ.

ದುಂಡಪ್ಪ: ಖಾಲಿ ಹೊಟ್ಟೀಲೆ ತಗೋಬ್ಯಾಡ್ರಿ ವೈನಿ! ಬಾಳೇಶಣ್ಣ, ಡಾಕ್ಟರನ್ನ ಬದಲ ಮಾಡ್ರಿ.

ಹಸಿರು ದೀಪ ಬಿತ್ತು. ಮಾತ್ರಿ ಎಂದರೆ ತಾಳದ ಎಣಿಕೆ, ಖಾಲಿ ಎಂದರೆ ಚಪ್ಪಾಳೆ ಬೀಳದ ಜಾಗ ಎಂದು ದುಂಡಪ್ಪನಿಗೆ ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಅವರು ಹೋಗಿ ಮುಟ್ಟಿದಾಗ ಸೈಬರ್ ಅಂಗಡಿಯ ಓಂಕಾರ ಅರ್ಧ ಶಟರ್ ಎಳೆದಿದ್ದ. ಬಾಳೇಶ ಬಗ್ಗಿ ಒಳಗೆ ನುಸುಳಿದ, ಹಿಂದೆಯೇ ಪ್ರಮಿಳಾ.

ಓಂಕಾರ: ಕುಂದರ್ರಿ ಕಾಕಾ. ಹೆಸರು, ಆಧಾರ್ ಆತು. ಕಾಕೂ, ಜಾತಿ ಹೇಳ್ರಿ.

ಪ್ರಮಿಳಾ ಕಣ್ಣು ಮುಚ್ಚಿ ಇನ್ನೂ ಭೂಪವನ್ನೇ ಬಾಯಿಪಾಠ ಮಾಡುತ್ತಿದ್ದಳು.

ಪ್ರಮಿಳಾ: ಔಡವ.

ಓಂಕಾರ: ಅದ್ಯಾವ ಮಂದಿರಿ? ಲಿಸ್ಟಿನ್ಯಾಗ ಇಲ್ಲ.

ಬಾಳೇಶ: ಐದ ಸ್ವರದ ಮಂದಿ ಅವರು. ಇತರೆ ಅಂತ ಹಾಕು.

ಪ್ರಮಿಳಾ: (ಕಣ್ಣು ತೆರೆದು) ಏ, ಹಾಕಬ್ಯಾಡಪಾ! ಅದು ರಾಗದ ಜಾತಿ, ನಂದಲ್ಲ!

ಓಂಕಾರ: ತಿದ್ದತೀನಿ ತಡೀರಿ. ಪಾಲಕರ ಹೆಸರು? ಇದನ್ನ ತುಂಬದಿದ್ರ ಮುಂದ ಹೋಗೂದಿಲ್ಲ.

ಪ್ರಮಿಳಾ: ನಮ್ಮಪ್ಪ ಹೋಗಿ ಹತ್ತ ವರ್ಷಾತು.

ಬಾಳೇಶ: ನನ್ನ ಹೆಸರ ಹಾಕು. ಆವತ್ತ ತಪ್ಪಿಸಿದಾಂವ ನಾ, ಇವತ್ತ ಸಹಿನೂ ನಾನ ಮಾಡತೀನಿ.

ಮೂರು ಸಲ ಸರ್ವರ್ ಕೈಕೊಟ್ಟಿತು. ನಾಲ್ಕನೆಯ ಸಲ ಫಾರ್ಮ್ ಹೋಯಿತು. ಓಂಕಾರ ಪೂರ್ತಿ ಶಟರ್ ಎಳೆದ.

ಒಂದೂವರೆ ತಿಂಗಳ ಮೇಲೆ, ಒಂದು ಆದಿತವಾರ, ಟಿಳಕವಾಡಿಯ ಕಡೆಯ ಶಾಲೆಯೊಂದರಲ್ಲಿ ಪರೀಕ್ಷೆ. ವರಾಂಡದ ತುಂಬ ಎರಡು ಜಡೆಯ ಹುಡುಗಿಯರು, ಅವರ ತಲೆ ಬಾಚುತ್ತಿದ್ದ ತಾಯಂದಿರು. ತಾಯಂದಿರ ಸಾಲಿನಲ್ಲಿ ನೀರಿನ ಬಾಟಲಿ ಹಿಡಿದು ಬಾಳೇಶ ಕುಳಿತಿದ್ದ. ಪರೀಕ್ಷೆಗೆ ಸಾಥ್ ಕೊಡಲು ಬಂದಿದ್ದ ಯಲ್ಲೇಶ ಮಾಸ್ತರರು ಒಳಗೆ ತಬಲಾ ಸರಿಮಾಡಿಕೊಳ್ಳುತ್ತಿದ್ದರು.

ಹುಡುಗಿಯೊಬ್ಬಳು: ಮೌಶಿ, ನಿಮ್ಮ ಮಗಳ ನಂಬರ್ ಎಷ್ಟ್ರಿ?

ಪ್ರಮಿಳಾ: ಮಗಳಲ್ಲವಾ, ನಂದ ಹದಿನೇಳು.

ಹುಡುಗಿ ಬಾಯಿ ತೆರೆದು ನೋಡಿ, ಓಡಿಹೋಗಿ ತನ್ನ ತಾಯಿಗೆ ಹೇಳಿದಳು. ತಾಯಂದಿರ ಸಾಲೆಲ್ಲ ತಿರುಗಿ ನೋಡಿತು. ಪ್ರಮಿಳಾ ಎದ್ದು ನಿಂತಳು. ಗೇಟಿನ ಕಡೆ ತಿರುಗಿದಳು.

ಪ್ರಮಿಳಾ: ನಡೀರಿ, ಹೋಗೂಣು. ನನಗ ಗಂಟಲ ಹಿಡದೈತಿ.

ಬಾಳೇಶ: (ಬಾಟಲಿ ಕೊಟ್ಟು) ನೀರ ಕುಡಿ.

ಪ್ರಮಿಳಾ: ನೀರಿನಿಂದ ಬಿಡೂ ಗಂಟಲ ಅಲ್ರಿ ಇದು. ಎಲ್ಲಾರೂ ನನ್ನ ನೋಡಾಕತ್ತಾರ.

ಬಾಳೇಶ: ನೋಡ್ಲಿ. ಆವತ್ತ ನಾ ಬಂದೆ ಅಂತ ನಿನ್ನ ಪರೀಕ್ಷಾ ತಪ್ಪಿತು. ಇವತ್ತೂ ನಾ ಬಾಜೂಕ್ಕ ಇದ್ದಾಗ ತಪ್ಪಿದ್ರ, ನಾ ಯಾವ ಮುಖಾ ಇಟಗೊಂಡ ಮನಿಗೆ ಹೋಗ್ಲಿ?

ಪ್ರಮಿಳಾ ಅವನನ್ನೇ ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಅವನು ಅವಳೆದುರು ತಪ್ಪು ಒಪ್ಪಿಕೊಂಡದ್ದು ಕಡಿಮೆ. ಅಷ್ಟರಲ್ಲಿ ಒಳಗಿಂದ ಹದಿನೇಳು ಎಂದು ಕೂಗಿದರು. ಅವಳು ಬಾಟಲಿಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಬಾಳೇಶ ಕಿಟಕಿಯ ಕೆಳಗೆ ಹೋಗಿ ನಿಂತ. ಮೊದಲು ಏನೂ ಕೇಳಲಿಲ್ಲ. ಆಮೇಲೆ ತಬಲಾದ ಹಿಂದೆಯೇ ಅವಳ ದನಿ ಬಂತು, ಮೊದಲು ಸಣ್ಣಗೆ, ನಂತರ ಬಿಚ್ಚಿ. ಒಂದು ಕಡೆ ದನಿ ತಡವರಿಸಿತು. ಬಾಳೇಶ ಬಾಟಲಿಯನ್ನು ಬಿಗಿಯಾಗಿ ಹಿಡಿದ. ದನಿ ನಿಲ್ಲಲಿಲ್ಲ. ಈ ಸಲ ಅವನ ಮುಂದೆ ಅವಲಕ್ಕಿ ಇರಲಿಲ್ಲ, ಪೂರ್ತಿ ಕೇಳಿದ.

ಪ್ರಮಿಳಾ: (ಹೊರಗೆ ಬಂದು) ಒಂದ ಕಡೆ ತಪ್ಪಿದೆ. ಪರೀಕ್ಷಕರು ‘ತಾಯಿ, ನಿಲ್ಲಬ್ಯಾಡ್ರಿ, ಹಾಡ್ರಿ’ ಅಂದ್ರು.

ಬಾಳೇಶ: ಕಡೀಕ ಏನಂದ್ರು?

ಪ್ರಮಿಳಾ: ‘ಇಷ್ಟ ದಿವಸ ಎಲ್ಲಿದ್ರಿ?’ ಅಂದ್ರು.

ಬಾಳೇಶ: ನೀ ಏನಂದಿ?

ಪ್ರಮಿಳಾ: ಅನಗೋಳದಾಗ್ರಿ ಅಂದೆ.

ಎರಡು ತಿಂಗಳಿಗೆ ಫಲಿತಾಂಶ ಬಂತು. ಓಂಕಾರ ಅಂಗಡಿಯಿಂದಲೇ ಫೋನ್ ಮಾಡಿ, ‘ಕಾಕೂ, ಫಸ್ಟ್ ಕ್ಲಾಸ್!’ ಎಂದು ಕೂಗಿದ್ದು ಅರ್ಧ ಓಣಿಗೆ ಕೇಳಿಸಿತು. ಸಂಜೆ ಬಾಳೇಶ ಡ್ಯೂಟಿಯಿಂದ ಬಂದಾಗ ಒಂದು ಕೈಯಲ್ಲಿ ಪೇಢೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ದೊಡ್ಡ ಚೀಲ. ಚೀಲದಿಂದ ಒಂದು ಜೋಡಿ ತಬಲಾ ಹೊರಬಂತು.

ಪ್ರಮಿಳಾ: ಏನ್ರಿ ಇದು? ಯಾರದು?

ಬಾಳೇಶ: ನಂದು. ಯಲ್ಲೇಶ ಮಾಸ್ತರ ಕಡೆ ಕಲಿಯಾಕ ಹೆಸರ ಹಚ್ಚಿ ಬಂದೀನಿ. ಮುಂದಿನ ವರ್ಷ ನಂದೂ ಪ್ರಾರಂಭಿಕ.

ಪ್ರಮಿಳಾ: ಈ ವಯಸ್ಸಿನ್ಯಾಗ?

ಬಾಳೇಶ: ನೀ ನಗಬ್ಯಾಡ.

ಪ್ರಮಿಳಾ: ನಕ್ಕಿಲ್ರಿ, ಕೆಮ್ಮಿದೆ. ಆದ್ರ ತಬಲಾನ ಯಾಕ?

ಬಾಳೇಶ: ಇಪ್ಪತ್ತೆಂಟ ವರ್ಷ ನಿನ್ನ ತಾಳಕ್ಕ ಕುಣದೀನಿ. ಇನ್ನ ಮ್ಯಾಲೆ ತಾಳಾ ನಾ ಹಾಕತೀನಿ, ನೀ ಹಾಡು.

ಪ್ರಮಿಳಾ ಒಂದು ಪೇಢೆ ಮುರಿದು ಅರ್ಧವನ್ನು ಅವನ ಬಾಯಿಗಿಟ್ಟಳು.

ಪ್ರಮಿಳಾ: ಹಾಕ್ರಿ, ಬ್ಯಾಡನ್ನೂದಿಲ್ಲ. ಆದ್ರ ಒಂದ ಮಾತ ಮಾಸ್ತರನ್ನ ಕೇಳಿಕೊಂಡ ಬರ್ರಿ. ಜೋರ ಹೋಗಬೇಕೋ, ಸಾವಕಾಶ ಹೋಗಬೇಕೋ ಅನ್ನೂದನ್ನ ಹಾಡಾವರು ಹೇಳತಾರ. ತಬಲಾದಾವರು ಬಾಯಿ ಮುಚಗೊಂಡ ಹಿಂದ ಬರತಾರ.