ಸಮುದ್ರಕ್ಕೆ ಬೆನ್ನು ಹಾಕಿದ ಗೋಡೆ

ಗೋಡೆ ಕಟ್ಟುವವನಿಗೂ ಉಳಿದ ಕಸುಬಿನವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಡುಗೆಯವನು ಉಪ್ಪು ಜಾಸ್ತಿ ಹಾಕಿದರೆ ಜನ ಸಂಜೆಯೊಳಗೆ ಮರೆಯುತ್ತಾರೆ. ದರ್ಜಿ ತೋಳು ಗಿಡ್ಡ ಹೊಲಿದರೆ ಆ ಅಂಗಿ ಎರಡು ವರ್ಷಕ್ಕೆ ಹರಿದು ನೆಲ ಒರೆಸುವ ಅರಿವೆಯಾಗುತ್ತದೆ. ಗೌಂಡಿಯ ತಪ್ಪು ಮಾತ್ರ ಗೌಂಡಿಗಿಂತ ಹೆಚ್ಚು ಕಾಲ ಬದುಕುತ್ತದೆ, ಅದೂ ಬಟ್ಟಬಯಲಲ್ಲಿ, ನೆಟ್ಟಗೆ ನಿಂತು. ಆದ್ದರಿಂದ ಗೌಂಡಿಯಾದವನು ಎರಡರಲ್ಲಿ ಒಂದು ಮಾಡಬೇಕು. ತಪ್ಪು ಮಾಡಬಾರದು, ಇಲ್ಲವೆ ಮಾಡಿದ್ದನ್ನು ಒಪ್ಪಬಾರದು. ನಾನು ಮೊದಲನೆಯದನ್ನು ಪಾಲಿಸುತ್ತಿದ್ದೇನೆ ಎಂದು ತಿಳಿದುಕೊಂಡು ಇಷ್ಟು ವರ್ಷ ಎರಡನೆಯದನ್ನು ಪಾಲಿಸಿದವನು.

ನಾನು ಓದಿದ್ದು ಆರನೇ ಇಯತ್ತೆ. ಒಂದು ಮಧ್ಯಾಹ್ನ ಲೆಕ್ಕದ ಮಾಸ್ತರರು ಹಲಗೆಯ ಕಡೆ ತಿರುಗಿದ್ದಾಗ ಶಾಲೆಯ ಹಿಂದಿನ ಮೋಟುಗೋಡೆ ಹಾರಿ ಹೋದವನು ಮತ್ತೆ ಒಳಗೆ ಕಾಲಿಟ್ಟದ್ದು ಇಪ್ಪತ್ತು ವರ್ಷದ ಮೇಲೆ, ಅದೇ ಗೋಡೆಯನ್ನು ಎತ್ತರಿಸುವುದಕ್ಕೆ. ಎಂಟು ಅಡಿಗೆ ಏರಿಸಿದ್ದೇನೆ. ಇನ್ನು ಯಾರೂ ನನ್ನಂತೆ ಹಾರಲಾರರು. ವಿದ್ಯೆಗೆ ನನ್ನಿಂದಾದ ಸೇವೆ ಅಷ್ಟು. ನನ್ನ ಕೈ ಪಳಗಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಗೋದಾಮು ಕಟ್ಟುತ್ತಾ. ಗೋದಾಮಿಗೆ ಬೇಕಾದದ್ದು ಗೋಡೆ. ಕಿಟಕಿ ಇಟ್ಟರೆ ಮಳೆ ಬಂತು, ತೇವ ಬಂತು, ಇಲಿ ಬಂತು. ಆ ಪಾಠ ನನ್ನ ರಕ್ತದಲ್ಲಿ ಇಳಿದುಬಿಟ್ಟಿದೆ. ರಾಣೆಬೆನ್ನೂರಿನಲ್ಲಿ ಈಗಲೂ ಬೀಜದ ವ್ಯಾಪಾರಿಗಳು ಗೋದಾಮು ಕಟ್ಟಿಸುವಾಗ ಫಕ್ಕೀರಪ್ಪ ಗೌಂಡಿಯನ್ನೇ, ಅಂದರೆ ನನ್ನನ್ನೇ, ಕರೆಯುತ್ತಾರೆ. ಮನೆ ಕಟ್ಟಿಸುವವರು ಸ್ವಲ್ಪ ಯೋಚಿಸಿ ಕರೆಯುತ್ತಾರೆ.

ತೊಂದರೆ ಶುರುವಾದದ್ದು ನಾನು ನನಗೇ ಮನೆ ಕಟ್ಟಿಕೊಂಡಾಗ. ಅಡುಗೆಮನೆಯ ಪಡುವಣ ಗೋಡೆಯಲ್ಲಿ ಒಂದು ಕಿಟಕಿ ಬೇಕೆಂದು ನನ್ನ ಹೆಂಡತಿ ಸಾವಕ್ಕ ಪಾಯ ತೋಡುವಾಗಲೇ ಹೇಳಿದ್ದಳು. ನಾನು ಇಡಲಿಲ್ಲ. ಆ ದಿನದಿಂದ ಆ ಕಿಟಕಿ ನಮ್ಮ ಮನೆಯಲ್ಲಿ ಇಲ್ಲದಿದ್ದರೂ ಅದರ ಮಾತು ಮಾತ್ರ ಇದೆ.

"ಒಂದ ಸಣ್ಣ ಕಿಡಕಿ ಇಡ್ರಿ. ಓಣಿ ಕಾಣ್ಲಿ" ಎನ್ನುತ್ತಾಳೆ.

"ಪಡುವಲ ಮಳಿ ಹೊಡಿತೈತಿ" ಎನ್ನುತ್ತೇನೆ.

"ವರ್ಷದಾಗ ಎಷ್ಟ ದಿನಾ ಹೊಡಿತೈತಿ? ಉಳಿದ ದಿನಾ ನಾ ಗ್ವಾಡಿ ಮಾರಿ ನೋಡ್ಕೋಂತ ರೊಟ್ಟಿ ಬಡಿಬೇಕ? ನಾ ಏನ್ ಮೆಣಸಿನಕಾಯಿ ಚೀಲಾ ಏನ್ರಿ?"

ಇದಕ್ಕೆ ನನ್ನಲ್ಲಿ ಒಂದೇ ಉತ್ತರವಿತ್ತು, ಅದು ಸಮುದ್ರದ ಗೋಡೆ. ಇಪ್ಪತ್ತೆಂಟು ವರ್ಷದ ಹಿಂದೆ, ಮದುವೆಗೆ ಮೊದಲು, ಒಬ್ಬ ಗುತ್ತಿಗೆದಾರನ ಸಂಗಡ ನಾನು ಘಟ್ಟ ಇಳಿದು ಕುಮಟೆಯ ಕಡೆ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಒಂದು ಮೀನುಗಾರರ ಊರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹೋಗಿ ನೋಡುತ್ತೀರಿ. ಅಲ್ಲಿಯ ಹೆಂಗಸರು ಬೆಳಗ್ಗೆ ಬುಟ್ಟಿ ಹಿಡಿದು ದಂಡೆಯ ಮೇಲೆ ಗಂಡಂದಿರ ದೋಣಿ ಕಾಯುತ್ತಾ ಕೂರುತ್ತಿದ್ದರು, ಬಿಸಿಲಾದರೂ ಮಳೆಯಾದರೂ. ಅವರಿಗೊಂದು ಕಾಯುವ ಮನೆ ಕಟ್ಟಿಕೊಡು ಎಂದು ಊರಿನ ಹಿರಿಯರು ನನ್ನನ್ನು ಕೇಳಿದರು. ಇಪ್ಪತ್ತನಾಲ್ಕನೇ ವಯಸ್ಸಿಗೆ ನನ್ನದೇ ಸ್ವಂತ ಕೆಲಸ, ಮೇಲೆ ಯಾರೂ ಇಲ್ಲ. ಚಿರೆಕಲ್ಲಿನಲ್ಲಿ ಒಂದೂವರೆ ಅಡಿ ದಪ್ಪದ ಗೋಡೆ ಎಬ್ಬಿಸಿದೆ. ಮಳೆ ಗಾಳಿ ಬರುವುದು ಪಡುವಣದಿಂದ, ಆದ್ದರಿಂದ ಪಡುವಣಕ್ಕೆ ಸಂದಿಲ್ಲದ ಗೋಡೆ, ಮೂಡಣಕ್ಕೆ ಬಾಗಿಲು. ಒಬ್ಬ ಮುದುಕ ಮಾತ್ರ ಬೀಡಿ ಸೇದುತ್ತಾ ಬಂದು, "ತಮಾ, ಸಮುದ್ರ ಆ ಬದಿಗೆ ಅದೆ" ಎಂದಿದ್ದ. "ಗೊತ್ತೈತ್ರಿ ಅಜ್ಜಾರ, ಅದಕ್ಕ ಮುಚ್ಚಾಕತ್ತೇನಿ" ಎಂದಿದ್ದೆ. ಅಜ್ಜ, ಘಟ್ಟದ ಮೇಲಿನವರ ವಿದ್ಯೆ ಬೇರೆ ಇರಬಹುದೆಂದು ಬೀಡಿ ಎಳೆಯುತ್ತಾ ಹೋದ. ಮಳೆಗಾಲ ಹಿಡಿಯುವ ಮುಂಚೆ ನಾನು ಊರಿಗೆ ಬಂದುಬಿಟ್ಟೆ.

ಅಲ್ಲಿಂದ ಇಲ್ಲಿಯವರೆಗೆ ಆ ಗೋಡೆಯನ್ನು ಹಾವೇರಿ ಜಿಲ್ಲೆಯಲ್ಲೆಲ್ಲ ಹೊತ್ತು ತಿರುಗಿದ್ದೇನೆ. ಯಾರಾದರೂ ಗಿಲಾವಿನಲ್ಲಿ ಕೂದಲೆಳೆಯ ಬಿರುಕು ತೋರಿಸಿದರೆ, "ಸಮುದ್ರದ ಗಾಳಿಗೆ ಎದಿ ಕೊಟ್ಟು ನಿಂತ ಗ್ವಾಡಿ ಕಟ್ಟಿದಾಂವ ನಾ" ಎನ್ನುತ್ತಿದ್ದೆ. ಸಾವಕ್ಕ ಕಿಟಕಿ ಎಂದಾಗಲೆಲ್ಲ ಆ ಗೋಡೆಯನ್ನೇ ಅಡ್ಡ ಇಡುತ್ತಿದ್ದೆ. ಕೊನೆಗೆ ಈ ವರ್ಷ ಅವಳು ರೊಟ್ಟಿಯ ಹಿಟ್ಟಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಹೇಳಿದಳು: "ಆ ಗ್ವಾಡಿ ಒಮ್ಮೆ ತೋರಿಸ್ರಿ. ನೀವು ಹೇಳಿದಂಗ ಸಂದಿಲ್ಲದ ನಿಂತಿದ್ರ, ಅದರ ನೆರಳಾಗ ಹೆಣ್ಣಮಕ್ಳು ಕುಂತಿದ್ರ, ಸಾಯೂತನಕ ಕಿಡಕಿ ಹೆಸರು ಎತ್ತಂಗಿಲ್ಲ. ಇಲ್ಲಂದ್ರ ನೀವ ಒಡಿಬೇಕು, ನೀವ ಇಡಬೇಕು."

ಒಪ್ಪಿಕೊಂಡೆ. ಒಪ್ಪದಿದ್ದರೆ ಅಲ್ಲಿಗೇ ಸೋತಂತೆ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ ಇದು. ಕಂಡಕ್ಟರನು ಅವಳ ಗುರುತಿನ ಚೀಟಿ ನೋಡಿ ಅತ್ತೆಯನ್ನು ಕಂಡಂತೆ ನಕ್ಕು, ನನ್ನ ಕಡೆ ತಿರುಗಿ ಚಿಲ್ಲರೆ ಕೇಳುತ್ತಿದ್ದ. ರಾಣೆಬೆನ್ನೂರಿನಿಂದ ಹಾವೇರಿ, ಹಾವೇರಿಯಿಂದ ಶಿರಸಿ, ಅಲ್ಲಿಂದ ಘಟ್ಟ. ಸಾವಕ್ಕ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಕಟ್ಟಿಕೊಂಡಿದ್ದಳು. "ಪರಊರಿಗೆ ಬರೇ ಕೈಲೆ ಹೋಗ್ಬಾರ್ದು" ಎಂದಳು. ಘಟ್ಟದ ತಿರುವುಗಳಲ್ಲಿ ನಾನು ಅವಳಿಗೆ ಗೋಡೆಯ ದಪ್ಪ, ಎತ್ತರ, ಕಲ್ಲಿನ ಜೋಡಣೆ ಎಲ್ಲವನ್ನೂ ಮತ್ತೆ ವಿವರಿಸಿದೆ. ಅವಳು ಕಿಟಕಿಯ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಬೇಕೆಂದೇ ಆ ಸೀಟು ಹಿಡಿದಿದ್ದಳು ಅನಿಸುತ್ತದೆ.

ಊರು ಹೆಚ್ಚೇನೂ ಬದಲಾಗಿರಲಿಲ್ಲ. ಸೋಗೆಯ ಮನೆಗಳು ಹೋಗಿ ಹೆಂಚು, ಸಿಮೆಂಟು ಬಂದಿದೆ. ದೋಣಿಗಳಿಗೆ ಯಂತ್ರ ಬಂದಿದೆ. ಆದರೆ ಅದೇ ಮೌನ, ಅದೇ ಒಣಮೀನಿನ ವಾಸನೆ, ಅದೇ ತೆಂಗಿನ ಗರಿಗಳ ಸದ್ದು. ತಿರುವು ದಾಟಿದ ಕೂಡಲೇ ನನ್ನ ಗೋಡೆ ಕಂಡಿತು. ಎದೆ ಉಬ್ಬಿತು. ಓಡಿಹೋಗಿ ಕಿಸೆಯಿಂದ ತೂಗುಗುಂಡು ತೆಗೆದೆ. ಅದು ಸದಾ ನನ್ನ ಕಿಸೆಯಲ್ಲೇ ಇರುತ್ತದೆ. ಪಡುವಣ ಮೂಲೆಗೆ ದಾರ ಇಳಿಬಿಟ್ಟು, ಬೇರೆ ಯಾವುದರ ಕಡೆಗೂ ಕಣ್ಣು ಹಾಯಿಸದೆ ನೋಡಿದರೆ ಒಂದು ಗುಂಜಿಯಷ್ಟೂ ವಾಲಿಲ್ಲ!

"ನೋಡು!" ಎಂದೆ.

"ಒಳಗ ನೋಡೂಣು ಬರ್ರಿ" ಎಂದಳು ಸಾವಕ್ಕ.

ಒಳಗೆ ಹರಿದ ಬಲೆಗಳ ರಾಶಿ, ಒಂದು ಮೋಟರ್ ಸೈಕಲ್ಲು, ಮರಿಗಳ ಜೊತೆ ಮಲಗಿದ ಆಡು. ಮನುಷ್ಯರೆಂದರೆ ಒಬ್ಬಳೇ. ಅವಳದೂ ಬೆನ್ನು ಮಾತ್ರ ಕಾಣುತ್ತಿತ್ತು. ತಲೆ ಗೋಡೆಯ ಆಚೆಗಿತ್ತು. ನನ್ನ ಸಂದಿಲ್ಲದ ಗೋಡೆಯ ನಟ್ಟನಡುವೆ ಕೊಡದ ಬಾಯಿಗಿಂತ ದೊಡ್ಡ ತೂತು, ಇಲಿ ಕಡಿದ ರೊಟ್ಟಿಯಂತೆ ಅಂಚೆಲ್ಲ ಹರಕು. ಅದರೊಳಗೆ ತಲೆ ತೂರಿಸಿ ಆ ಹೆಂಗಸು ಸಮುದ್ರ ನೋಡುತ್ತಾ ನಿಂತಿದ್ದಳು. ಆಚೆಯಿಂದ ಬೇರೆ ಹೆಂಗಸರ ನಗು ಕೇಳುತ್ತಿತ್ತು. ಅವಳ ಪಕ್ಕದಿಂದ ತೂತಿನಲ್ಲಿ ಬಗ್ಗಿ ನೋಡಿದೆ. ಗೋಡೆಯ ಹೊರಗೆ, ಸಮುದ್ರದ ಬದಿಗೆ, ನೀಲಿ ತಾಡಪತ್ರಿ ಕಟ್ಟಿಕೊಂಡು ಎಲ್ಲರೂ ಬುಟ್ಟಿ ಬೋರಲು ಹಾಕಿ ಕೂತಿದ್ದರು. ತಾಡಪತ್ರಿಯ ಹಗ್ಗಕ್ಕೆ ಮೊಳೆ ಹೊಡೆದದ್ದು ನನ್ನ ಗೋಡೆಗೇ.

"ಇದನ್ನ ಯಾರ್ರಿ ಒಡದೋರು?" ಎಂದು ಕೂಗಿದೆ. ದನಿ ಸ್ವಲ್ಪ ದೊಡ್ಡದೇ ಆಯಿತು.

ಹೆಂಗಸು ತಲೆಯನ್ನು ನಿಧಾನವಾಗಿ ಒಳಕ್ಕೆ ಎಳೆದುಕೊಂಡಳು. ಮೂಗಿನಲ್ಲಿ ದೊಡ್ಡ ನತ್ತು. ದೇವಮ್ಮ! ನಾನು ಕೆಲಸ ಮಾಡುವಾಗ ದಿನಾ ಗಂಜಿ ತಂದುಕೊಡುತ್ತಿದ್ದವಳು. ಆಗ ಅವಳು ಹೊಸ ಮದುವಣಗಿತ್ತಿ.

"ನಾನೇಯಾ. ಎಂತಕ್ಕೆ?" ಎಂದಳು. "ಮೊದಲ್ನೇ ಮಳಿಗೇ ಒಡ್ದದ್ದು. ನಮ್ಮನೆಯವ್ರ ದೋಣಿ ಬರೂದು ತಡ ಆಗಿತ್ತು. ನಾ ಇಲ್ಲಿ ಒಳ್ಗೆ ಬೆಚ್ಚಗೆ ಕೂತದ್ದು ಹೌದು. ಆದ್ರೆ ಎಂತ ಕಂಡ್ತದೆ? ಗಳಿಗಿಗೊಂದ್ಸಲ ಮಳೆಲಿ ಗೋಡಿ ಸುತ್ತಿ ಓಡೂದು, ನೋಡೂದು, ಮತ್ತೆ ಒಳ್ಗೆ ಬರೂದು. ಕೂರೂಕೆ ಮನೆ ಕಟ್ಟಿದ್ನೋ, ಓಡೂಕೆ ಕಟ್ಟಿದ್ನೋ! ಕಡೆಗೆ ಉಳಿ ತಂದು ಕುಟ್ಟೂಕೆ ಶುರು ಮಾಡ್ದೆ. ನಾಕು ದಿನ ಬೇಕಾಯ್ತು ನೋಡಿ ಇಷ್ಟು ತೂತಾಗೂಕೆ. ಅಂವ ಯಾರೋ ಕಟ್ಟಿದಂವ, ಅಂವನ ಕೈ ಮುರೀಲಿ, ಎಂತಾ ಗಟ್ಟಿ ಕಟ್ಟಿದ್ದ!"

ನನ್ನ ಜನ್ಮದಲ್ಲಿ ನನಗೆ ಸಿಕ್ಕ ದೊಡ್ಡ ಶಹಭಾಸ್‌ಗಿರಿ ಇದೇ. ತೆಗೆದುಕೊಳ್ಳಲು ಕೈ ಮುಂದೆ ಬರಲಿಲ್ಲ.

"ನಿಮ್ಮನೆಯವ್ರು ಬಂದ್ರೇನ್ರಿ ಆಮ್ಯಾಗ?" ಎಂದು ಸಾವಕ್ಕ ಕೇಳಿದಳು. ಹೆಂಗಸರಿಗೆ ಮೊದಲು ಹೊಳೆಯುವುದು ಇಂಥದ್ದು.

"ಬಂದ್ರು. ಈಗ್ಲೂ ಬರ್ತ್ರು, ಸಂಜಿಗೆ, ಸರಾಯಿ ಅಂಗಡಿಂದ. ಈಗ ದೋಣಿಗೆ ಹೋಗೂದು ಮಗ."

"ಕಟ್ಟಿದಾಂವ ಯಾರಂತ್ರಿ?" ಎಂದು ಸಾವಕ್ಕ ಮತ್ತೆ ಕೇಳಿದಳು. ನಾನು ಕೆಮ್ಮಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಘಟ್ಟದ ಮೇಲಿಂದ ಬಂದ ಒಬ್ಬ ಗೌಂಡಿ. ಮೀನು ತಿನ್ನೂದಿಲ್ಲಾಗಿತ್ತು. ಗಂಜಿಗೆ ಹಸಿಮೆಣಸು ಕಚ್ಕಂಡು ಉಣ್ತಿದ್ದ. ಕೆಲಸದವ ಹೌದು, ಕುಂಡೆ ಊರಿ ಕೂತಂವಲ್ಲ. ಆದ್ರೆ ಸಮುದ್ರ ಕಂಡ್ರೆ ಹೆದರ್ಕಿ. ಉಣ್ಣೂಕೆ ಕೂತ್ರೂ ಆ ಬದಿಗೆ ಬೆನ್ನು ಹಾಕಿ ಕೂರೂದು!"

ಸಾವಕ್ಕ ಸೆರಗು ಬಾಯಿಗೆ ಹಿಡಿದಳು. ನಾನು ಆಡಿನ ಮರಿಯನ್ನು ಬಹಳ ಹೊತ್ತು ನೋಡಿದೆ.

ಈಗ ಓದುಗರಲ್ಲಿ ಒಪ್ಪಿಕೊಂಡುಬಿಡುತ್ತೇನೆ. ದೇವಮ್ಮ ಹೇಳಿದ್ದು ಖರೆ. ಅದಕ್ಕೂ ಮೊದಲು ನಾನು ಕಂಡ ದೊಡ್ಡ ನೀರೆಂದರೆ ನಮ್ಮ ಕಡೆಯ ಐರಣಿಯ ಹೊಳೆ. ಹೊಳೆ ತುಂಬಿ ಬಂದರೂ ಆಚೆ ದಂಡೆ ಕಾಣುತ್ತದೆ, ಆಚೆ ಎಮ್ಮೆ ಮೇಯುವುದೂ ಕಾಣುತ್ತದೆ. ಸಮುದ್ರಕ್ಕೆ ಆಚೆ ಗೋಡೆಯೇ ಇಲ್ಲ. ಮೊದಲ ದಿನ ಅದನ್ನು ನೋಡಿದವನೇ ಬೆನ್ನು ತಿರುಗಿಸಿದೆ. ಇಷ್ಟು ದೊಡ್ಡದನ್ನು ಅಳತೆ ಹಿಡಿಯುವವರು ಯಾರು, ಇದು ಎದ್ದು ಬಂದರೆ ತಡೆಯುವವರು ಯಾರು ಎಂದು. ದಿನವೆಲ್ಲ ಅದರ ಮುಂದೆ ಕಲ್ಲು ಇಡಬೇಕು. ಮೊದಲು ಯಾವ ಗೋಡೆ ಎಬ್ಬಿಸಲಿ? ನನಗೂ ಅದಕ್ಕೂ ನಡುವಿನದು. ಮಳೆ, ಗಾಳಿ, ಗೋದಾಮಿನ ವಿದ್ಯೆ ಎಲ್ಲ ಆಮೇಲೆ ನೆನಪಿಗೆ ಬಂದ ಕಾರಣಗಳು. ಗೋಡೆ ಆಳೆತ್ತರ ಆದ ದಿನ ಹೊಟ್ಟೆ ತುಂಬ ಉಂಡಿದ್ದು ನನಗಿನ್ನೂ ನೆನಪಿದೆ.

ಯಾರೆಂದು ಹೇಳದೆ, "ಈ ತೂತಿಗೆ ನೆಟ್ಟಗ ಚೌಕಟ್ಟು ಮಾಡಿ ಕೊಡ್ತೇನ್ರಿ, ನಂದೂ ಇದ ಕೆಲಸ" ಎಂದೆ. ಆ ಹರಕು ಅಂಚನ್ನು ನೋಡಿ ಬಿಟ್ಟು ಬರುವುದು ನನ್ನಿಂದಾಗದ ಮಾತು. ದೇವಮ್ಮನ ಮನೆಯಲ್ಲೇ ಉಳಿದೆವು. ಸಿಮೆಂಟು ಬಂತು, ಪಕ್ಕದ ಮನೆಯಿಂದ ಗಾರೆ ಮೆತ್ತುವ ಕರಣಿ ಬಂತು. ಎರಡು ದಿನ ಕೂತು ತೂತನ್ನು ಅಗಲಿಸಿ, ನಾಲ್ಕೂ ಮೂಲೆ ಚಚ್ಚೌಕವಾಗಿ ಕೂರಿಸಿ, ಕೆಳಗೆ ಮೊಣಕೈ ಊರಲು ಅಗಲವಾದ ಕಲ್ಲಿಟ್ಟೆ. ಮೇಲೆ ಮಳೆ ತಡೆಯಲು ಒಂದು ಚಜ್ಜಾ. ಆ ಎರಡು ದಿನ ಮುಖ ಸಮುದ್ರಕ್ಕೇ ಇತ್ತು, ಬೇರೆ ದಾರಿಯಿರಲಿಲ್ಲ. ಸಾವಕ್ಕ ಆಚೆ ಹೆಂಗಸರ ನಡುವೆ ಬುಟ್ಟಿಯ ಮೇಲೆ ಕೂತು ಯಾವುದು ಯಾರ ದೋಣಿ ಎಂದು ಕಲಿತುಬಿಟ್ಟಿದ್ದಳು. ನಮ್ಮ ಮೆಣಸಿನಕಾಯಿ ಊರೆಲ್ಲ ಹಂಚಿಹೋಗಿ ಪ್ರತಿ ಮನೆಯ ಮೀನುಸಾರಿಗೆ ಬಿದ್ದಿತ್ತು. ಎರಡನೇ ದಿನ ಮಧ್ಯಾಹ್ನ ಗಂಜಿ ಬಂತು. ತಾಟಿನ ಅಂಚಿನಲ್ಲಿ ಕೇಳದೆಯೇ ಎರಡು ಹಸಿಮೆಣಸಿನಕಾಯಿ.

ನಾನು ತಲೆ ಎತ್ತಿದೆ.

"ಗುರ್ತು ಹಿಡಿದದ್ದು ಯಾವಾಗ್ರಿ?"

"ನೀ ಬಂದ ಕೂಡ್ಲೆ" ಎಂದಳು ದೇವಮ್ಮ. "ಪ್ಯಾಟಿಂದ ಬಂದ ಜನ ಮೊದ್ಲು ಸಮುದ್ರ ನೋಡ್ತ್ರು. ತೂತಿಂದ ತಲೆ ಹಾಕಿ ನಾ ಕಂಡೆ, ನೀ ಮೂಲೆಲಿ ಸಮುದ್ರಕ್ಕೆ ಕುಂಡೆ ತಿರುಗ್ಸಿ ಗೋಡಿಗೆ ದಾರ ಹಿಡಿದ್ಯಲ್ಲ, ಅಂಥಾ ಮನುಷ ಭೂಮಿ ಮೇಲೆ ಒಬ್ಬನೇ!"

"ಮತ್ತ ಕೈ ಮುರೀಲಿ ಅಂದ್ರಿ?"

"ಅದು ನಿಂಗೆ ಕೇಳ್ಲಿ ಅಂತ್ಲೇ ಅಂದದ್ದು."

ಸಾವಕ್ಕ ಈಗ ಸೆರಗು ಹಿಡಿಯಲಿಲ್ಲ, ಬಾಯಿಬಿಟ್ಟು ನಕ್ಕಳು. ಆಚೆಯ ಹೆಂಗಸರೂ ನಕ್ಕರು. ನಾನು ಮೆಣಸಿನಕಾಯಿ ಕಚ್ಚಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ಕಾರಣವಾದರೂ ಇತ್ತು. ಆ ಹೊತ್ತಿಗೆ ನನ್ನ ಹೊಸ ಚೌಕಟ್ಟಿನೊಳಗೆ, ಸರಿಯಾಗಿ ನಡುವೆ, ದೇವಮ್ಮನ ಮಗನ ದೋಣಿ ಬಂದು ನಿಂತಿತು. ಚೆನ್ನಾಗಿಯೇ ಕಂಡಿತು, ಸುಳ್ಳೇಕೆ ಹೇಳಲಿ.

ಊರಿಗೆ ಬಂದ ಮೇಲೆ ಸಾವಕ್ಕ ಕಿಟಕಿಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಒಂದಷ್ಟು ದಿನ ತಳ್ಳಬಹುದಿತ್ತು. ಮಾತಾಡದ ಹೆಂಗಸಿನ ಮುಂದೆ ಏನು ವಾದ ಮಾಡುವುದು? ಮೂರನೇ ದಿನ ನಾನೇ ಉಳಿ ಸುತ್ತಿಗೆ ಹಿಡಿದು ಅಡುಗೆಮನೆಗೆ ಹೋದೆ. ಒಡೆಯಲು ನನಗೂ ನಾಲ್ಕು ದಿನ ಬೇಕಾಯಿತು. ಕಟ್ಟಿದವನ ಕೈಯನ್ನು ನಾನೂ ಬೈದೆ. ಕಿಟಕಿ ಕೂತ ಮೇಲೆ, "ಇಷ್ಟು ವರ್ಷ ಓಣಿಯಾಗ ಏನ್ ನೋಡಬೇಕಂತ ಬಡಕೊಂಡಿ?" ಎಂದು ಕೇಳಿದೆ.

"ನೀವು ಕೆಲಸ ಬಿಟ್ಟು ಬರೂದು ಕಂಡ್ರ, ಕೈಕಾಲು ತೊಳಿಯೂದ್ರಾಗ ರೊಟ್ಟಿ ಬಿಸಿ ಇರತೈತಿ. ನಾ ಏನ್ ಸಿನಿಮಾ ನೋಡಾಕ ಕೇಳಿದ್ನೇನು?" ಎಂದಳು.

ಇದಕ್ಕೆ ನನ್ನ ಹತ್ತಿರ ಯಾವ ಗೋಡೆಯೂ ಇರಲಿಲ್ಲ. ಈಗ ದಿನಾ ಬಿಸಿ ರೊಟ್ಟಿ ಉಣ್ಣುತ್ತೇನೆ, ಸುಖವಾಗಿದ್ದೇನೆ. ಒಂದೇ ತೊಂದರೆ. ಓಣಿಯ ತುದಿಯಲ್ಲಿ ಮಿರ್ಚಿ-ಮಂಡಕ್ಕಿ ಅಂಗಡಿಯಿದೆ. ಡಾಕ್ಟರು ಬೇಡ ಎಂದ ಮೇಲೂ ನಾನು ಅಲ್ಲಿ ನಿಂತು ಬರುತ್ತಿದ್ದ ವಿಷಯ ಇಷ್ಟು ವರ್ಷ ಮನೆಗೆ ಗೊತ್ತಿರಲಿಲ್ಲ. ಈಗ ಮಿರ್ಚಿ ಬಾಯಿಗೆ ಹೋಗುವ ಮೊದಲೇ ಕಿಟಕಿಯಿಂದ, "ಅಲ್ಲೇ ಉಂಡು ಮಲಗ್ರಿ!" ಎಂಬ ದನಿ ಓಣಿಯುದ್ದಕ್ಕೂ ಬರುತ್ತದೆ. ಹಾಗಾಗಿ ಕೆಲವು ದಿನದಿಂದ ಅಂಗಡಿಯಿಂದ ಪೊಟ್ಟಣ ಕಟ್ಟಿಸಿಕೊಂಡು ಮೂಡಣದ ಕಿರುದಾರಿಯಲ್ಲಿ ತಿನ್ನುತ್ತಾ ಮನೆ ಸೇರುತ್ತಿದ್ದೇನೆ. ಆ ಕಡೆ ನಾನು ಕಟ್ಟಿದ ಗೋಡೆ ಇನ್ನೂ ಸಂದಿಲ್ಲದೆ ನಿಂತಿದೆ. ನಿನ್ನೆ ಸಂಜೆ ಬಾಯಿ ಒರೆಸಿಕೊಂಡು ಒಳಗೆ ಬಂದಾಗ ಸಾವಕ್ಕ ಆ ಮೂಡಣ ಗೋಡೆಯ ಎದುರಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಅದರ ಉದ್ದಗಲ ನೋಡುತ್ತಿದ್ದಳು. ನಾನು ಉಳಿಯನ್ನು ಹುಡುಕಿ ಕಲ್ಲಿಗೆ ಮಸೆಯಲು ಕೂತೆ.