ಮಂಡಕ್ಕಿ ಕುಣಿಯದ ಪೆಟ್ಟಿಗೆ

ಸಬ್‌ವೂಫರ್ ಎಂಬ ದಪ್ಪ ಸದ್ದಿನ ಸ್ಪೀಕರ್ ಪೆಟ್ಟಿಗೆಯನ್ನು ತಾನೇ ಹೇಳಿ ಮಾಡಿಸಿಕೊಳ್ಳುವ ಹುಚ್ಚು ಹತ್ತಿದವನು ನಗೆಪಾಟಲಾಗಲು ಊರೆಲ್ಲ ಸುತ್ತಬೇಕಿಲ್ಲ, ಮನೆಯಲ್ಲಿ ಕುಂತಿದ್ದರೂ ಸಾಕು. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆಯವನು. ನನ್ನ ಹಳೆಯ ಪೆಟ್ಟಿಗೆ ತೆಳು ಹಲಗೆಯದು. ಹಾಡು ಹಚ್ಚಿದರೆ ಹಾಡಿಗಿಂತ ಹೆಚ್ಚು ಅದೇ ಬಡಕೊಳ್ಳುತ್ತಿತ್ತು. ಗೋಡೆಯಾಚೆ ಇರುವ ಮನೆ ಮಾಲೀಕರು, “ಇನ್ನೊಂದ್ ಸಲ ಗೋಡಿ ನಡುಗಿದ್ರ ಮನಿ ಖಾಲಿ ಮಾಡ್ರಿ” ಅಂದುಬಿಟ್ಟರು. ಈ ಮನೆಗೆ ಸಿಹಿನೀರಿನ ನಲ್ಲಿ ಇದೆ. ಅದನ್ನು ಬಿಡಲೊಲ್ಲದ ಹೆಂಡತಿ, “ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ” ಅಂದಳು. ಅಲುಗದ ಪೆಟ್ಟಿಗೆ ಮಾಡದೆ ಗತಿಯಿರಲಿಲ್ಲ.

ಬಡಗಿಯ ಅನುಮಾನ

ಕೊಟ್ಟೂರಿನ ಬಡಗಿಗೆ, ದಪ್ಪ ಪ್ಲೈವುಡ್ ಬೇಕು, ಒಳಗೆ ಅಡ್ಡಪಟ್ಟಿ ಬೇಕು, ಗಾಳಿ ಸೋರಬಾರದು ಅಂದೆ.

“ನಡುವ ಪಟ್ಟಿ ಹಾಕಿದ್ರ ಜ್ವಾಳ ಹೆಂಗ ತುಂಬ್ತೀರಿ?”

“ಜ್ವಾಳಕ್ಕಲ್ಲ ಮೇಸ್ತ್ರಿ, ಹಾಡು ಕೇಳಾಕ. ಪೆಟ್ಟಿಗಿ ಮಾತ್ರ ಸದ್ದು ಮಾಡಬಾರ್ದು.”

ಆತ ಗರಗಸ ಕೆಳಗಿಟ್ಟ. “ಸದ್ದು ಬ್ಯಾಡಂದ್ರ ಹಾಡು ಯಾಕ ಹಚ್ತೀರಿ?”

ಬಡಿದು ನೋಡುವುದು

ಪೆಟ್ಟಿಗೆ ಬಂತು. ಬೆರಳಿನಿಂದ ಬಡಿದರೆ ಡಬ್ ಡಬ್ ಅನ್ನಬಾರದು, ಕಲ್ಲಿಗೆ ಬಡಿದಂತಿರಬೇಕು. ಕಿವಿಗೊಟ್ಟು ನಾಲ್ಕೂ ಕಡೆ ಬಡಿಯುತ್ತಾ ಕುಂತೆ. ಹೆಂಡತಿ ನೋಡಿ ನೋಡಿ ಕೇಳಿದಳು: “ಎಷ್ಟೊತ್ತಾತು, ಒಳಗಿನವ್ರು ಬಾಗ್ಲಾ ತೆಗೀವಲ್ರೇನು?”

ಮಂಡಕ್ಕಿ ಪರೀಕ್ಷೆ

ಸ್ಪೀಕರ್ ಕೂರಿಸಿದ ಮೇಲೆ ಪೆಟ್ಟಿಗೆಯ ಮೇಲೆಲ್ಲ ಮಂಡಕ್ಕಿ ಹರಡಿ ಹಾಡು ಹಚ್ಚಬೇಕು. ಮಂಡಕ್ಕಿ ಎಲ್ಲಿ ಕುಣಿಯುತ್ತದೋ ಅಲ್ಲಿ ಹಲಗೆ ನಡುಗುತ್ತಿದೆ ಅಂತ ಅರ್ಥ. ಒಂದು ಮೂಲೆಯಲ್ಲಿ ಕುಣಿಯಿತು. ಗುರುತು ಹಾಕಲು ಪೆನ್ಸಿಲ್ ತರೋಣವೆಂದು ಒಳಗೆ ಹೋದೆ. ಬರುವಷ್ಟರಲ್ಲಿ, ಸದ್ದು ಕೇಳಿ ಬೈಯಲು ಬಂದ ಮಾಲೀಕರು ನನ್ನ ಪರೀಕ್ಷೆಯನ್ನೇ ಮುಕ್ಕುತ್ತಿದ್ದರು.

“ಕ್ಷಮಿಸ್ರಿ ಯಜಮಾನ್ರ...” ಅಂದೆ.

“ಬೈಯೋದು ಆಮ್ಯಾಲ. ಮೊದ್ಲು ಮಿರ್ಚಿ ತರಸ್ರಿ.”

ಮಾಲೀಕರ ತೀರ್ಪು

ಆ ಮೂಲೆಗೂ ಪಟ್ಟಿ ಬಡಿಸಿದೆ. ಈ ಸಲ ಮಾಲೀಕರನ್ನು ನಾನೇ ಕರೆದು, ತಿನ್ನಬಾರದೆಂದು ಕೈಮುಗಿದು, ಮಂಡಕ್ಕಿ ಹರಡಿ ಸೌಂಡ್ ಏರಿಸಿದೆ. ಒಂದು ಕಾಳೂ ಮಿಸುಕಲಿಲ್ಲ! ನನಗೆ ಕುಣಿದಾಡುವಷ್ಟು ಖುಷಿ. ಮಾಲೀಕರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಅಲುಗವಲ್ದು ಬಿಡ್ರಿ. ಭೇಷ್!”

ಅಷ್ಟರಲ್ಲಿ ಗೋಡೆಯಾಚೆ ಅವರ ಅಡುಗೆಮನೆಯ ತಟ್ಟೆ ಸ್ಟ್ಯಾಂಡ್ ಪೂರ್ತಿ ಕಳಚಿ ಬಿತ್ತು. ಹಿಂದೆಯೇ ಅವರ ಮನೆಯವರ ಕೂಗು. ಪೆಟ್ಟಿಗೆ ಗಟ್ಟಿಯಾದರೂ ಒಳಗಿನ ಸದ್ದು ಗೋಡೆ ದಾಟುತ್ತದೆಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಮಾಲೀಕರು ಹೋಗಿ ನೋಡಿ ಬಂದರು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

“ಪೆಟ್ಟಿಗಿ ನನ್ನ ಮನಿಗಿಂತ ಗಟ್ಟಿ ಮಾಡೀರಿ. ಇನ್ಮ್ಯಾಲ ಗಂಡ ಹೆಂಡ್ತಿ ಇದ್ರಾಗ ಇರ್ರಿ, ಮನಿ ಖಾಲಿ ಮಾಡ್ರಿ!”